ಹಳೆಯ ಸಾಂತ್ವನ ಪತ್ರಗಳನ್ನು ಓದುವ ಕ್ರಮ: ಸಿಸೆರೊನಿಂದ ಬೊಯಿಥಿಯಸ್‌ವರೆಗೆ, ಹಂತ ಹಂತವಾಗಿ

ಸಾವಿನ ದುಃಖದಲ್ಲಿದ್ದವರಿಗೆ ಗ್ರೀಕರು, ರೋಮನ್ನರು, ಆಮೇಲೆ ಮೊದಲ ಶತಮಾನಗಳ ಕ್ರೈಸ್ತರು ಬರೆದ ಸಾಂತ್ವನದ ಬರಹಗಳನ್ನು ಓದೋಣ ಅಂತ ಹೊರಟವರು ಹೆಚ್ಚಾಗಿ ಒಂದೇ ಜಾಗದಲ್ಲಿ ಸೋಲುತ್ತಾರೆ. ಹೆಸರು ಕೇಳಿದ್ದೇವಲ್ಲ ಅಂತ ಮೊದಲು ಆರನೇ ಶತಮಾನದ ರೋಮನ್ ತತ್ತ್ವಜ್ಞಾನಿ ಬೊಯಿಥಿಯಸ್ ಬರೆದದ್ದನ್ನು ತೆಗೆಯುತ್ತಾರೆ, ಎರಡನೇ ಭಾಗ ಮುಗಿಯುವ ಮೊದಲೇ ಕೈಬಿಡುತ್ತಾರೆ. ಇಲ್ಲವಾದರೆ ಮೊದಲ ಶತಮಾನದ ರೋಮನ್ ತತ್ತ್ವಜ್ಞಾನಿ ಸೆನೆಕಾನ ಒಂದು ಪತ್ರ ಓದಿ, "ಮಗನನ್ನು ಕಳೆದುಕೊಂಡ ತಾಯಿಗೆ ಹೀಗಾ ಬರೆಯೋದು? ಇವನಿಗೆ ಕರುಳೇ ಇಲ್ಲ" ಅಂತ ಮುಚ್ಚಿಡುತ್ತಾರೆ. ಇಷ್ಟಾದ ಮೇಲೆ ಮತ್ತೆ ಆ ಕಡೆ ತಲೆ ಹಾಕುವವರು ಕಡಿಮೆ.

ಓದುವ ಕ್ರಮ ಬದಲಾಯಿಸಿದರೆ ಇದೇ ಬರಹಗಳು ಬೇರೆ ಥರ ಕಾಣುತ್ತವೆ. ಇವು ಒಬ್ಬರು ಇನ್ನೊಬ್ಬರಿಗೆ, ಸಾವಾಗಿ ಇಂತಿಷ್ಟು ಕಾಲವಾದ ಮೇಲೆ, ಇಂಥದ್ದನ್ನು ಮೊದಲು ಹೇಳಬೇಕು ಇಂಥದ್ದನ್ನು ಆಮೇಲೆ ಅಂತ ಲೆಕ್ಕ ಹಾಕಿ ಬರೆದವು. ಯಾರಿಗೆ, ಯಾವಾಗ, ಯಾವುದರ ನಂತರ ಯಾವುದು: ಈ ಮೂರನ್ನು ಬಿಟ್ಟು ಬರೀ ವಾದವನ್ನು ಹಿಡಿದರೆ ಉಳಿಯುವುದು ಒಣ ಉಪದೇಶ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಅನುಕ್ರಮದಲ್ಲಿ ಮಾಡಿ. ಮಧ್ಯದಿಂದ ಹಾರಿದರೆ ಆರನೇ ಹಂತದಲ್ಲಿ ಸಿಕ್ಕಿಕೊಳ್ಳುತ್ತೀರಿ.

ಮೊದಲು ಕೈಗೆ ಬೇಕಾದವು

ಇಂಗ್ಲಿಷ್ ಅನುವಾದಗಳು ಸಾಕು. ಇಲ್ಲಿ ಹೇಳುವ ಎಲ್ಲ ಬರಹಗಳಿಗೂ ಹಳೆಯ ಅನುವಾದಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಮಾತ್ರ ನೋಡಿಕೊಳ್ಳಿ: ಪಕ್ಕದಲ್ಲಿ ಅಧ್ಯಾಯ ಮತ್ತು ಖಂಡಗಳ ಸಂಖ್ಯೆ ಇರುವ ಪ್ರತಿಯೇ ಬೇಕು. ಸಂಖ್ಯೆ ಇಲ್ಲದಿದ್ದರೆ ಒಂದು ಅನುವಾದದಿಂದ ಇನ್ನೊಂದಕ್ಕೆ ಹೋದಾಗ ಜಾಗ ಸಿಗುವುದಿಲ್ಲ.

ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಒಂದು ಪತ್ರಕ್ಕೆ ಒಂದು ಪುಟ. ಕನ್ನಡ ಬೈಬಲ್ ಒಂದು ಪಕ್ಕದಲ್ಲಿರಲಿ, ಐದನೇ ಹಂತ ದಾಟಿದ ಮೇಲೆ ಬೇಕಾಗುತ್ತದೆ. ಫೋನಿನಲ್ಲಿ ಸಾಲುಗಳಿಗೆ ಬಣ್ಣ ಹಚ್ಚುತ್ತಾ ಹೋಗಬೇಡಿ. ಬಣ್ಣ ಹಚ್ಚುವವರು ಚೆಂದದ ವಾಕ್ಯಗಳನ್ನು ಮಾತ್ರ ಹಿಡಿಯುತ್ತಾರೆ, ಈ ಬರಹಗಳಲ್ಲಿ ನಿಜವಾದ ಕೆಲಸ ನಡೆಯುವುದು ಚೆಂದದ ವಾಕ್ಯಗಳ ಮಧ್ಯದ ಸಾದಾ ಸಾಲುಗಳಲ್ಲಿ.

ಹಂತ 1: ಎರಡು ಚಿಕ್ಕ ಪತ್ರಗಳಿಂದ ಶುರು ಮಾಡಿ

ಕ್ರಿ.ಪೂ. 45ರ ಫೆಬ್ರವರಿಯಲ್ಲಿ ರೋಮಿನ ರಾಜಕಾರಣಿ, ಬರಹಗಾರ ಸಿಸೆರೊನ ಮಗಳು ಟುಲಿಯಾ ಹೆರಿಗೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡಳು. ಮುಂದಿನ ತಿಂಗಳು ಗೆಳೆಯ ಸರ್ವಿಯಸ್ ಸುಲ್ಪಿಸಿಯಸ್ ಅಥೆನ್ಸಿನಿಂದ ಒಂದು ಪತ್ರ ಬರೆದ. ಸಿಸೆರೊ ಅದಕ್ಕೆ ಉತ್ತರ ಬರೆದ. ಎರಡೂ ಉಳಿದಿವೆ. ಗೆಳೆಯರಿಗೆ ಬರೆದ ಪತ್ರಗಳ ಸಂಗ್ರಹದ ನಾಲ್ಕನೇ ಪುಸ್ತಕದಲ್ಲಿ 5 ಮತ್ತು 6ನೇ ಪತ್ರಗಳು. ಸಾಂತ್ವನ ಹೇಳಿದ್ದೂ, ಅದನ್ನು ಕೇಳಿಸಿಕೊಂಡವನ ಮಾತೂ ಎರಡೂ ಒಟ್ಟಿಗೆ ಸಿಗುವುದು ಬಹಳ ಅಪರೂಪ, ಅದಕ್ಕೇ ಇಲ್ಲಿಂದ ಶುರು.

ಮೊದಲು ಸುಲ್ಪಿಸಿಯಸ್‌ನ ಪತ್ರ. ಅವನು ಹೇಳುವ ಒಂದೊಂದು ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಿ. ದೇಶ, ಮರ್ಯಾದೆ, ಪದವಿ ಎಲ್ಲ ಆಗಲೇ ಹೋಗಿದೆ, ಇದೊಂದು ಹೋದದ್ದಕ್ಕೆ ಇಷ್ಟು ಕುಸಿಯಬೇಕೇ. ಈ ಕಾಲದಲ್ಲಿ ಬದುಕಿದ್ದು ಅವಳಿಗೆ ಇನ್ನೇನು ಸಿಗುತ್ತಿತ್ತು. ನೀನು ಸಿಸೆರೊ, ಬೇರೆಯವರಿಗೆ ಬುದ್ಧಿ ಹೇಳುತ್ತಿದ್ದವನು. ಕಾಲ ಹೇಗೂ ದುಃಖವನ್ನು ಕಡಿಮೆ ಮಾಡುತ್ತದೆ, ಅದಕ್ಕೆ ಕಾಯದೆ ನೀನೇ ವಿವೇಕದಿಂದ ಮೊದಲು ಮಾಡು.

ಮಧ್ಯದಲ್ಲಿ ಒಂದು ದೃಶ್ಯ ಬರುತ್ತದೆ, ಅಲ್ಲಿ ನಿಧಾನವಾಗಿ ಓದಿ. ಏಷ್ಯಾದಿಂದ ಹಡಗಿನಲ್ಲಿ ವಾಪಸ್ ಬರುತ್ತಿದ್ದೆ, ಸುತ್ತ ನೋಡಿದೆ ಅನ್ನುತ್ತಾನೆ. ಹಿಂದೆ ಈಜೈನಾ, ಮುಂದೆ ಮೆಗರಾ, ಬಲಕ್ಕೆ ಪಿರೇಯಸ್, ಎಡಕ್ಕೆ ಕಾರಿಂತ್. ಒಂದು ಕಾಲಕ್ಕೆ ತುಂಬಿ ತುಳುಕುತ್ತಿದ್ದ ಊರುಗಳು, ಈಗ ಕಣ್ಣೆದುರಿಗೆ ಪಾಳುಬಿದ್ದಿವೆ. ಇಷ್ಟು ಊರುಗಳ ಹೆಣ ಒಂದೇ ಕಡೆ ಬಿದ್ದಿರುವಾಗ ನಮ್ಮಂಥ ಸಣ್ಣ ಮನುಷ್ಯರಲ್ಲಿ ಒಬ್ಬರು ಸತ್ತರೆ ನಾವು ಸಿಟ್ಟಾಗುವುದಾ ಅಂತ ತನ್ನನ್ನೇ ಕೇಳಿಕೊಂಡನಂತೆ.

ಈಗ ಸಿಸೆರೊನ ಉತ್ತರ. ನೀವು ಬರೆದುಕೊಂಡ ಸಾಲುಗಳ ಪಕ್ಕದಲ್ಲಿ, ಅವನು ಒಪ್ಪಿದ್ದಕ್ಕೆ ಒಂದು ಗುರುತು, ಒಪ್ಪದ್ದಕ್ಕೆ ಇನ್ನೊಂದು, ಸುಮ್ನೆ ದಾಟಿಹೋದದ್ದಕ್ಕೆ ಖಾಲಿ. ಪಾಳು ಊರುಗಳ ಬಗ್ಗೆ ಅವನು ಒಂದು ಮಾತೂ ಆಡುವುದಿಲ್ಲ. ನೀನು ಹತ್ತಿರ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ನಿನ್ನ ಮಾತಿನಿಂದಲೂ ನೀನೂ ಹೆಚ್ಚುಕಡಿಮೆ ನನ್ನಷ್ಟೇ ದುಃಖಪಡುವುದರಿಂದಲೂ ಸಮಾಧಾನವಾಗುತ್ತಿತ್ತು ಅನ್ನುತ್ತಾನೆ. ಮಕ್ಕಳನ್ನು ಕಳೆದುಕೊಂಡ ಫೇಬಿಯಸ್, ಪೌಲಸ್, ಕೇಟೊ ಇವರಿಗೆಲ್ಲ ದೇಶದ ಕೆಲಸವಾದರೂ ಇತ್ತು, ನನಗೆ ಅದೂ ಹೋಗಿದೆ, ಹೊರಗಿನ ನೋವಿಗೆ ಮನೆಗೆ ಬಂದು ಮಗಳ ಹತ್ತಿರ ಮಾತಾಡಿ ಹಗುರಾಗುತ್ತಿದ್ದೆ, ಈಗ ಮನೆಯೂ ಇಲ್ಲ ಹೊರಗೂ ಇಲ್ಲ, ಅದಕ್ಕೇ ಎರಡರಿಂದಲೂ ದೂರ ಇದ್ದೇನೆ ಅಂತ ಬರೆಯುತ್ತಾನೆ.

ಗುರುತುಗಳನ್ನು ಎಣಿಸಿ ನೋಡಿ. ಯಾವ ವಾದ ಎಷ್ಟು ಗಟ್ಟಿ ಅನ್ನುವುದಕ್ಕಿಂತ ಯಾವುದು ಅವನಿಗೆ ತಲುಪಿತು ಅನ್ನುವುದು ಬೇರೆಯೇ ಪಟ್ಟಿ. ಈ ಅಭ್ಯಾಸ ಮಾಡದೆ ಮುಂದಕ್ಕೆ ಹೋಗಬೇಡಿ.

ಹಂತ 2: ಪತ್ರ ತೆರೆಯುವ ಮೊದಲು ನಾಲ್ಕು ಪ್ರಶ್ನೆ

ಪುಟದ ಮೇಲ್ಭಾಗದಲ್ಲಿ ಬರೆಯಿರಿ: ಬರೆದವರು ಯಾರು, ಯಾರಿಗೆ? ಹೋದದ್ದು ಏನು? ಎಷ್ಟು ಕಾಲವಾಗಿದೆ? ಬರೆದವರಿಗೆ ಇದರಿಂದ ಬೇರೆ ಏನಾದರೂ ಆಗಬೇಕಿದೆಯಾ? ಉತ್ತರಗಳು ಹೆಚ್ಚಾಗಿ ಮೊದಲ ಮೂರು ಅಧ್ಯಾಯಗಳಲ್ಲೇ ಸಿಗುತ್ತವೆ, ಇಲ್ಲದಿದ್ದರೆ ಅನುವಾದದ ಮುನ್ನುಡಿಯಲ್ಲಿ.

ಸೆನೆಕಾನ ಮೂರು ಸಾಂತ್ವನಗಳ ಮೇಲೆ ಇದನ್ನು ಪರೀಕ್ಷಿಸಿ. ಮಾರ್ಸಿಯಾಗೆ ಬರೆದದ್ದು ಕರುಣೆಯಿಲ್ಲದ ಬರಹ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಅವಳ ಮಗ ಮೆಟಿಲಿಯಸ್ ಸತ್ತು ಆಗಲೇ ಮೂರು ವರ್ಷ ಆಗಿತ್ತು. ಮಾರ್ಸಿಯಾ ಸಾಮಾನ್ಯದವಳೂ ಅಲ್ಲ: ಅವಳ ತಂದೆ ಕ್ರೆಮುಶಿಯಸ್ ಕಾರ್ಡಸ್ ಬರೆದ ಇತಿಹಾಸವನ್ನು ಚಕ್ರವರ್ತಿ ಟೈಬೀರಿಯಸ್‌ನ ಕಾಲದಲ್ಲಿ ಸುಟ್ಟಾಗ, ಪ್ರತಿ ಉಳಿಸಿ ಮುಂದೆ ಮತ್ತೆ ಹೊರಗೆ ತಂದವಳು. ಇದು ಗೊತ್ತಿದ್ದರೆ ಆ ಗಡಸು ದನಿ ಯಾಕೆ ಅಂತ ಅರ್ಥವಾಗುತ್ತದೆ. ಮೊನ್ನೆ ಮೊನ್ನೆ ಮಗನನ್ನು ಮಣ್ಣು ಮಾಡಿದವಳಿಗೆ ಬರೆದ ಪತ್ರ ಅಂದುಕೊಂಡು ಓದಿದರೆ ಮಾತ್ರ ಮೈ ಉರಿಯುತ್ತದೆ.

ಎರಡನೆಯದು ತಾಯಿ ಹೆಲ್ವಿಯಾಗೆ. ಕ್ರಿ.ಶ. 41ರಲ್ಲಿ ಸೆನೆಕಾನನ್ನು ಕಾರ್ಸಿಕಾಕ್ಕೆ ಗಡೀಪಾರು ಮಾಡಿದರು, ಅಲ್ಲಿಂದ ಬರೆದದ್ದು. ಇಲ್ಲಿ ಹೋದದ್ದು ಬರೆದವನೇ. ಯಾರಿಗಾಗಿ ಅಳು ನಡೆದಿದೆಯೋ ಅವನೇ ಸಮಾಧಾನ ಹೇಳಿದ ಉದಾಹರಣೆ ಹಳಬರಲ್ಲಿ ಹುಡುಕಿದರೂ ಸಿಗಲಿಲ್ಲ ಅಂತ ಅವನೇ ಹೇಳುತ್ತಾನೆ. ಬೇಗ ಯಾಕೆ ಬರೆಯಲಿಲ್ಲ ಅನ್ನುವುದಕ್ಕೂ ಮೊದಲ ಅಧ್ಯಾಯದಲ್ಲೇ ಕಾರಣ ಕೊಡುತ್ತಾನೆ: ದುಃಖ ಹಸಿಯಾಗಿದ್ದಾಗ ಸಮಾಧಾನದ ಮಾತೇ ಅದನ್ನು ಕೆರಳಿಸುತ್ತದೆ, ರೋಗದಲ್ಲೂ ಹೊತ್ತಲ್ಲದ ಹೊತ್ತಿನ ಔಷಧದಷ್ಟು ಕೆಟ್ಟದ್ದು ಬೇರೆ ಇಲ್ಲ.

ಮೂರನೆಯದು ಪಾಲಿಬಿಯಸ್‌ಗೆ, ಸೋದರ ಸತ್ತದ್ದಕ್ಕೆ. ಈ ಪಾಲಿಬಿಯಸ್ ಚಕ್ರವರ್ತಿ ಕ್ಲಾಡಿಯಸ್‌ನ ಹತ್ತಿರ ಪ್ರಭಾವ ಇದ್ದವನು, ಸೆನೆಕಾಗೆ ಗಡೀಪಾರಿನಿಂದ ವಾಪಸ್ ಬರಬೇಕಿತ್ತು. ನಾಲ್ಕನೇ ಪ್ರಶ್ನೆ ಕೇಳಿಕೊಂಡರೆ ಇಲ್ಲಿ ಚಕ್ರವರ್ತಿಯ ಹೊಗಳಿಕೆ ಯಾಕಿಷ್ಟು ಅಂತ ತಿಳಿಯುತ್ತದೆ. ಈ ಒಂದು ಬರಹವನ್ನು ಕೊನೆಗೆ ಓದಿದರೂ ನಡೆಯುತ್ತದೆ, ಬಿಟ್ಟರೂ ದೊಡ್ಡ ನಷ್ಟವಿಲ್ಲ.

ಹಂತ 3: ಐದು ಮದ್ದುಗಳ ಪಟ್ಟಿ ಬರೆದಿಟ್ಟುಕೊಳ್ಳಿ

ಟುಲಿಯಾ ಸತ್ತ ವರ್ಷವೇ ಸಿಸೆರೊ ಟಸ್ಕುಲನ್ ಸಂವಾದಗಳು ಅನ್ನುವ ತತ್ತ್ವದ ಪುಸ್ತಕ ಬರೆದ. ಅದರ ಮೂರನೇ ಪುಸ್ತಕದ 76ನೇ ಖಂಡದಲ್ಲಿ, ಬೇರೆ ಬೇರೆ ಪಂಥದವರು ದುಃಖಿಗೆ ಏನು ಹೇಳುತ್ತಾರೆ ಅಂತ ಒಂದು ಪಟ್ಟಿ ಇದೆ. ಇದೇ ನಿಮ್ಮ ಕೀಲಿ. ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಒಳಗೆ ಬರೆದಿಡಿ.

ಸ್ಟೋಯಿಕ್ ಪಂಥದ ಕ್ಲಿಯಾಂಥೆಸ್: ಆದದ್ದು ಕೆಡುಕೇ ಅಲ್ಲ ಅಂತ ತೋರಿಸು. ಅರಿಸ್ಟಾಟಲ್‌ನ ಕಡೆಯವರು: ಕೆಡುಕು ಹೌದು, ಆದರೆ ಅಷ್ಟು ದೊಡ್ಡದಲ್ಲ. ಎಪಿಕ್ಯೂರಸ್‌ನ ಕಡೆಯವರು: ನೋವಿನಿಂದ ಮನಸ್ಸು ತೆಗೆದು ಸಿಕ್ಕಿದ್ದ ಸುಖದ ಕಡೆ ತಿರುಗಿಸು. ಸಿರೀನ್ ಊರಿನ ಪಂಥದವರು: ಅನಿರೀಕ್ಷಿತವಾದದ್ದು ಏನೂ ಆಗಿಲ್ಲ ಅಂತ ತೋರಿಸು. ಇನ್ನೊಬ್ಬ ಸ್ಟೋಯಿಕ್, ಕ್ರಿಸಿಪಸ್: ಅಳುವುದು ನನ್ನ ಕರ್ತವ್ಯ ಅನ್ನುವ ನಂಬಿಕೆಯನ್ನು ಮೊದಲು ತೆಗೆ.

ಪ್ರತಿ ಪತ್ರದ ಅಂಚಿನಲ್ಲಿ 1ರಿಂದ 5ರವರೆಗೆ ಈ ಸಂಖ್ಯೆಗಳನ್ನು ಹಾಕುತ್ತಾ ಹೋಗಿ. ಎರಡು ಪತ್ರ ಮುಗಿಯುವಷ್ಟರಲ್ಲಿ ಕೈ ಕೂರುತ್ತದೆ. ಒಂದೇ ಜಾಗಕ್ಕೆ ಎರಡು ಸಂಖ್ಯೆ ಬಂದರೆ ಎರಡೂ ಹಾಕಿ. ಸೆನೆಕಾ ಸ್ಟೋಯಿಕ್ ಆದರೂ ಬರೀ 1 ಹಾಕುತ್ತಾ ಕೂರಬೇಡಿ, ಅವನು ಐದನ್ನೂ ಬಳಸುತ್ತಾನೆ. ಬರಹಗಾರನ ಪಂಥ ನೋಡಿ ಮದ್ದು ಊಹಿಸುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

ಪಟ್ಟಿಯ ಜೊತೆಯಲ್ಲೇ ಸಿಸೆರೊ ತನ್ನ ವಿಷಯ ಹೇಳುತ್ತಾನೆ. ಮಗಳು ಸತ್ತಾಗ ತನಗೆ ತಾನೇ ಒಂದು ಸಾಂತ್ವನದ ಪುಸ್ತಕ ಬರೆದುಕೊಂಡಿದ್ದ, ಅದರಲ್ಲಿ ಈ ಎಲ್ಲವನ್ನೂ ಒಟ್ಟಿಗೆ ಸುರಿದೆ, ಯಾಕೆಂದರೆ ಮನಸ್ಸು ಊದಿಕೊಂಡಿತ್ತು, ಯಾವುದರಿಂದ ಗುಣವಾಗುತ್ತದೋ ಎಲ್ಲ ಪ್ರಯತ್ನಿಸಿದೆ ಅಂತ. ಆ ಪುಸ್ತಕ ಈಗ ಇಲ್ಲ, ಅಲ್ಲಿ ಇಲ್ಲಿ ಕೆಲವು ತುಣುಕುಗಳು ಮಾತ್ರ. ಮುಂದಿನ ಪುಸ್ತಕದಲ್ಲಿ ಇನ್ನೊಂದು ಮಾತು ಬರುತ್ತದೆ: ಹೊಸ ಊತಕ್ಕೆ ಮದ್ದು ಹಚ್ಚಬೇಡ ಅಂತ ಕ್ರಿಸಿಪಸ್ ಹೇಳಿದ್ದ, ನಾನು ಅದನ್ನೇ ಮಾಡಿದೆ. ಅದೇ ದಿನಗಳಲ್ಲಿ ಅವನು ಅಸ್ಟುರಾ ಅನ್ನುವ ಜಾಗದಿಂದ ಗೆಳೆಯ ಆಟಿಕಸ್‌ಗೆ ಬರೆದ ಚಿಕ್ಕ ಚೀಟಿಗಳನ್ನು ಇದರ ಜೊತೆ ಓದಿ. ಬೆಳಿಗ್ಗೆ ದಟ್ಟ ಕಾಡಿಗೆ ಹೋದರೆ ಸಂಜೆಯವರೆಗೂ ಹೊರಗೆ ಬರುವುದಿಲ್ಲ, ಪುಸ್ತಕಗಳ ಜೊತೆ ಮಾತ್ರ ಮಾತು, ಅದನ್ನೂ ಅಳು ತಡೆಯುತ್ತದೆ ಅನ್ನುವ ಸಾಲು ಅಲ್ಲಿದೆ.

ಹಂತ 4: ಯಾವುದರ ನಂತರ ಯಾವುದು

ಈಗ ಅಂಚಿನ ಸಂಖ್ಯೆಗಳನ್ನು ಮೇಲಿಂದ ಕೆಳಗೆ ನೋಡಿ. ಯಾವುದು ಮೊದಲು ಬಂತು? ಗಡಸು ಮಾತು ಎಷ್ಟು ಹೊತ್ತಿಗೆ ಶುರುವಾಯಿತು? ಅಳುವುದಕ್ಕೆ ಎಲ್ಲಿ ಅನುಮತಿ ಕೊಟ್ಟರು?

ಮಾರ್ಸಿಯಾಗೆ ಬರೆದದ್ದರ ಎರಡನೇ ಅಧ್ಯಾಯ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲರೂ ಉಪದೇಶದಿಂದ ಶುರು ಮಾಡಿ ಉದಾಹರಣೆಯಲ್ಲಿ ಮುಗಿಸುತ್ತಾರೆ, ಕೆಲವೊಮ್ಮೆ ಈ ಪದ್ಧತಿ ಬದಲಾಯಿಸಬೇಕು, ಒಬ್ಬೊಬ್ಬರ ಹತ್ತಿರ ಒಂದೊಂದು ಥರ ಅಂತ ಸೆನೆಕಾ ಬಾಯಿಬಿಟ್ಟೇ ಹೇಳುತ್ತಾನೆ. ಆಮೇಲೆ ಇಬ್ಬರು ತಾಯಂದಿರನ್ನು ಎದುರಿಗೆ ನಿಲ್ಲಿಸುತ್ತಾನೆ. ಚಕ್ರವರ್ತಿ ಅಗಸ್ಟಸ್‌ನ ಅಕ್ಕ ಆಕ್ಟೇವಿಯಾ, ಮಗ ಮಾರ್ಸೆಲಸ್ ಹೋದ ಮೇಲೆ ಅವನ ಒಂದು ಚಿತ್ರವನ್ನೂ ಇಟ್ಟುಕೊಳ್ಳಲಿಲ್ಲ, ಅವನ ಹೆಸರೆತ್ತುವುದಕ್ಕೂ ಬಿಡಲಿಲ್ಲ, ಎಲ್ಲ ತಾಯಂದಿರನ್ನೂ ದ್ವೇಷಿಸಿದಳು. ಅಗಸ್ಟಸ್‌ನ ಹೆಂಡತಿ ಲಿವಿಯಾ, ಮಗ ಡ್ರೂಸಸ್ ಹೋದಾಗ ಶವವನ್ನು ಗೋರಿಯಲ್ಲಿಟ್ಟ ಮೇಲೆ ದುಃಖವನ್ನೂ ಅಲ್ಲೇ ಇಟ್ಟು ಬಂದಳು, ಆದರೆ ಅವನ ಹೆಸರು ಹೇಳುವುದನ್ನು ಬಿಡಲಿಲ್ಲ, ಎಲ್ಲ ಕಡೆ ಅವನ ಮೂರ್ತಿ ಇಡಿಸಿದಳು, ಅವನ ಬಗ್ಗೆ ಯಾರಾದರೂ ಮಾತಾಡಿದರೆ ಇಷ್ಟಪಟ್ಟು ಕೇಳಿದಳು. ಯಾರ ಥರ ಇರುತ್ತೀಯ, ನೀನೇ ಆರಿಸಿಕೋ. ವಾದ ಶುರುವಾಗುವುದು ಇದಾದ ಮೇಲೆ.

ಇದಕ್ಕೆ ವಿರುದ್ಧವಾದದ್ದೂ ಒಂದು ಓದಿ. ಸೆನೆಕಾ ಲೂಸಿಲಿಯಸ್‌ಗೆ ಬರೆದ ಪತ್ರಗಳಲ್ಲಿ 99ನೆಯದು, ಪುಟ್ಟ ಮಗನನ್ನು ಕಳೆದುಕೊಂಡ ಮಾರುಲಸ್‌ಗೆ ಬರೆದ ಪತ್ರದ ಪ್ರತಿ. ಸಮಾಧಾನ ನಿರೀಕ್ಷಿಸಿದ್ದೆಯಾ, ಬೈಗುಳ ತಗೋ ಅನ್ನುವ ಧಾಟಿಯಲ್ಲಿ ಶುರುವಾಗುತ್ತದೆ. ಆದರೆ ಇದನ್ನು ಓದುವ ಮೊದಲು 63ನೇ ಪತ್ರ ಓದಿರಲೇಬೇಕು. ಅಲ್ಲಿ ಅದೇ ಸೆನೆಕಾ, ಗೆಳೆಯ ಸೆರೆನಸ್ ಸತ್ತಾಗ ನಾನು ಮಿತಿಮೀರಿ ಅತ್ತೆ, ದುಃಖಕ್ಕೆ ಸೋತವರ ಪಟ್ಟಿಯಲ್ಲಿ ನಾನೂ ಇದ್ದೇನೆ ಅಂತ ಬರೆಯುತ್ತಾನೆ. 99ನ್ನು ಮೊದಲು ಓದಿದವರು 63ಕ್ಕೆ ಬರುವುದೇ ಇಲ್ಲ, ಇದು ನಾನು ತುಂಬ ಸಲ ನೋಡಿದ್ದೇನೆ.

ಹಂತ 5: ಸತ್ತವರು ಎಲ್ಲಿ ಕಾಣಿಸುತ್ತಾರೆ, ಹುಡುಕಿ

ಗ್ರೀಕ್ ಬರಹಗಾರ ಪ್ಲುಟಾರ್ಕ್ ಹೆಂಡತಿಗೆ ಬರೆದ ಪತ್ರ ಈ ಹಂತಕ್ಕೆ. ಚಿಕ್ಕದು, ಒಂದೇ ಸಲ ಕೂತು ಓದಬಹುದು. ಮಗು ಸತ್ತ ಸುದ್ದಿ ತರುತ್ತಿದ್ದವನು ದಾರಿಯಲ್ಲಿ ತಪ್ಪಿಹೋದ, ಟನಾಗ್ರಾ ಅನ್ನುವ ಊರಿಗೆ ಬಂದ ಮೇಲೆ ಪ್ಲುಟಾರ್ಕ್‌ಗೆ ಗೊತ್ತಾಯಿತು. ಮಣ್ಣು ಮಾಡಿ ಆಗಿರಬೇಕು ಅಂತ ಅವನೇ ಊಹಿಸುತ್ತಾನೆ. ನಾಲ್ಕು ಗಂಡುಮಕ್ಕಳ ನಂತರ ಹುಟ್ಟಿದ ಹೆಣ್ಣುಮಗು, ಎರಡು ವರ್ಷ, ಅಮ್ಮನ ಹೆಸರೇ ಇಟ್ಟಿದ್ದರು: ಟಿಮೊಕ್ಸೆನಾ.

ಆ ಮಗು ದಾದಿಗೆ, ಬೇರೆ ಕೂಸುಗಳಿಗೂ ಹಾಲು ಕೊಡು ಅನ್ನುತ್ತಿತ್ತಂತೆ. ಕೂಸುಗಳಿಗೆ ಮಾತ್ರ ಅಲ್ಲ, ತನಗಿಷ್ಟವಾದ ಆಟದ ಸಾಮಾನುಗಳಿಗೂ ಕುಡಿಸು ಅಂತ. ತನ್ನ ಪಾಲಿನ ಊಟಕ್ಕೆ ಎಲ್ಲರನ್ನೂ ಕರೆಯುವ ಹಾಗೆ.

ಈಗ ಕೆಲಸ: ಈ ಸಾಲು ಪತ್ರದಲ್ಲಿ ಎಲ್ಲಿದೆ ಅಂತ ನೋಡಿ. ವಾದಗಳಿಗಿಂತ ಮುಂಚೆ, ಶುರುವಿನಲ್ಲೇ ಇದೆ. ಅದರ ಬೆನ್ನಿಗೇ ಪ್ಲುಟಾರ್ಕ್ ಕೇಳುತ್ತಾನೆ, ಇಷ್ಟು ಖುಷಿ ಕೊಟ್ಟದ್ದನ್ನು ನೆನೆಯುವಾಗ ನೋವು ಯಾಕೆ ಆಗಬೇಕು, ನೋವಾಗುತ್ತದೆ ಅಂತ ನೆನಪನ್ನೇ ಅಟ್ಟಿಬಿಟ್ಟರೆ ಹೇಗೆ. ಅಂಚಿನಲ್ಲಿ 3 ಹಾಕಿ, ಎಪಿಕ್ಯೂರಸ್‌ನವರ ಮದ್ದು ಅದು. ಅದನ್ನು ಇಲ್ಲಿ ಬಳಸಿದವನು ಮಾತ್ರ ಎಪಿಕ್ಯೂರಸ್‌ನ ಕಡು ವಿರೋಧಿ. ಆಟಿಕೆಗೆ ಹಾಲು ಕುಡಿಸುವ ಮಗು ಕಣ್ಣಮುಂದೆ ಇರುವುದರಿಂದಲೇ ಆ ವಾದ ನಿಲ್ಲುತ್ತದೆ. ಮಗುವನ್ನು ತೆಗೆದು ವಾದ ಮಾತ್ರ ಬರೆದು ನೋಡಿ, ಗೊತ್ತಾಗುತ್ತದೆ.

ಇನ್ನು ಮುಂದೆ ಪ್ರತಿ ಬರಹದಲ್ಲೂ ಸತ್ತವರು ಮನುಷ್ಯರಾಗಿ ಕಾಣಿಸುವ ಸಾಲಿಗೆ ಒಂದು ಚುಕ್ಕೆ ಇಡಿ. ಚುಕ್ಕೆಯೇ ಇಲ್ಲದ ಸಾಂತ್ವನಗಳೂ ಇವೆ. ಅವು ಯಾಕೆ ತಣ್ಣಗಿವೆ ಅಂತ ಆಗ ತಿಳಿಯುತ್ತದೆ.

ಹಂತ 6: ಕ್ರೈಸ್ತರ ಬರಹಗಳಿಗೆ ದಾಟುವುದು

ಇಲ್ಲಿ ಬೈಬಲ್ ತೆರೆಯಿರಿ, ಎರಡು ಜಾಗ. ಯೋಹಾನನ ಸುವಾರ್ತೆ 11:35, ಸತ್ತ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ ಯೇಸು ಅತ್ತದ್ದು. ಥೆಸಲೋನಿಕದವರಿಗೆ ಪೌಲ ಬರೆದ ಮೊದಲ ಪತ್ರಿಕೆ 4:13, ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅನ್ನುವ ಮಾತು. ಒಂದು ಅಳಲು ಬಿಡುತ್ತದೆ, ಇನ್ನೊಂದು ಅಳುವುದಕ್ಕೆ ಅಂಕೆ ಹಾಕುತ್ತದೆ. ಆರಂಭದ ಕ್ರೈಸ್ತ ಸಾಂತ್ವನಗಳು ಈ ಎರಡರ ಮಧ್ಯೆ ಎಲ್ಲಿ ನಿಲ್ಲುತ್ತವೆ ಅಂತ ನೋಡುವುದೇ ಈ ಹಂತದ ಕೆಲಸ. ಅಂಚಿಗೆ ಹೊಸ ಗುರುತು ಎರಡು ಸೇರಿಸಿ: ಅಳುಗೆ "ಅ", ಪುನರುತ್ಥಾನದ ನಿರೀಕ್ಷೆಗೆ "ನಿ". ಹಳೆಯ ಐದು ಸಂಖ್ಯೆಗಳನ್ನು ಬಿಡಬೇಡಿ, ಅವು ಇಲ್ಲೂ ಬರುತ್ತಲೇ ಇರುತ್ತವೆ.

ಮೊದಲು ಮಿಲಾನಿನ ಬಿಷಪ್ ಆಂಬ್ರೋಸ್. ಸುಮಾರು 378ರಲ್ಲಿ ಅಣ್ಣ ಸಟೈರಸ್ ತೀರಿಕೊಂಡಾಗ ಮಾಡಿದ ಎರಡು ಭಾಷಣಗಳು. ಒಂದು ಶವಸಂಸ್ಕಾರದ ದಿನ, ಇನ್ನೊಂದು ಏಳನೇ ದಿನ. ಮೊದಲನೆಯದರಲ್ಲಿ "ಅ" ಹೆಚ್ಚು: ನಾನೂ ಅತ್ತೆ, ಆದರೆ ಕರ್ತನೂ ಅತ್ತ, ಅವನು ಬೇರೆಯವನಿಗಾಗಿ ಅತ್ತ, ನಾನು ಒಡಹುಟ್ಟಿದವನಿಗಾಗಿ. ಎರಡನೆಯದರಲ್ಲಿ "ನಿ" ತುಂಬಿದೆ, ಪುನರುತ್ಥಾನದ ಬಗ್ಗೆ ಉದ್ದದ ವಾದ. ಹಸಿ ದುಃಖಕ್ಕೆ ವಾದ ಹೇಳಬಾರದು ಅಂತ ಕ್ರಿಸಿಪಸ್ ಹಾಕಿದ್ದ ನಿಯಮ ಇಲ್ಲಿ ಆರು ದಿನದ ಅಂತರವಾಗಿ ಕಾಣುತ್ತದೆ. ಎರಡನ್ನೂ ಒಂದೇ ದಿನ ಓದಬೇಡಿ. ನೀವೂ ಒಂದು ವಾರ ಬಿಡಿ.

ಆಮೇಲೆ ಬೈಬಲನ್ನು ಲ್ಯಾಟಿನ್‌ಗೆ ತಂದ ಸನ್ಯಾಸಿ ಜೆರೋಮ್, ಎರಡು ಪತ್ರ. 60ನೆಯದು ಮೊದಲು, 39ನೆಯದು ಆಮೇಲೆ. ಕಾಲದ ಪ್ರಕಾರ ಇದು ಉಲ್ಟಾ, ಆದರೆ ಓದಲು ಇದೇ ಸರಿ.

60ನೆಯದು 396ರದ್ದು, ಬಿಷಪ್ ಹೆಲಿಯೊಡೊರಸ್‌ಗೆ, ಅವನ ಸೋದರಳಿಯ ನೆಪೋಷಿಯನ್ ಸತ್ತಾಗ ಬರೆದದ್ದು. ದುಃಖದ ಬಗ್ಗೆ ಗ್ರೀಕ್ ತತ್ತ್ವಜ್ಞಾನಿ ಕ್ರಾಂಟರ್ ಬರೆದಿದ್ದ ಪುಸ್ತಕ, ಅದನ್ನು ಹಿಡಿದು ಸಿಸೆರೊ ಬರೆದದ್ದು, ಎಲ್ಲ ಓದಿದ್ದೇನೆ ಅಂತ ಜೆರೋಮ್ ಹೇಳುತ್ತಾನೆ, ಅವುಗಳ ಸಾಮಾನನ್ನೇ ಬಳಸುತ್ತಾನೆ. ಮಧ್ಯದಲ್ಲಿ ನಿಮ್ಮ ಚುಕ್ಕೆಗೆ ಸಾಲುಗಳು ಸಿಗುತ್ತವೆ: ನೆಪೋಷಿಯನ್ ಚರ್ಚಿನಲ್ಲಿ ಪೀಠ ಹೊಳೆಯುತ್ತಿದೆಯಾ, ಗೋಡೆಗೆ ಮಸಿ ಹಿಡಿದಿದೆಯಾ, ನೆಲ ಗುಡಿಸಿದೆಯಾ ಅಂತ ದಿನಾ ನೋಡುತ್ತಿದ್ದನಂತೆ. ಸಾಯುವಾಗ ತಾನು ಸೇವೆಯಲ್ಲಿ ತೊಡುತ್ತಿದ್ದ ನಿಲುವಂಗಿಯನ್ನು ಜೆರೋಮನಿಗೆ ಕಳಿಸಿ ಅಂದನಂತೆ.

39ನೆಯದು 384ರದ್ದು, ರೋಮಿನಲ್ಲಿ ಪೌಲಾ ಅನ್ನುವ ಹೆಂಗಸಿಗೆ. ಅವಳ ಮಗಳು ಬ್ಲೆಸಿಲ್ಲಾ, ಚಿಕ್ಕ ವಯಸ್ಸಿನ ವಿಧವೆ, ಕಠಿಣ ವ್ರತಕ್ಕೆ ಇಳಿದು ಕೆಲವೇ ತಿಂಗಳಲ್ಲಿ ಸತ್ತಳು. ಆ ವ್ರತದ ದಾರಿ ಹಿಡಿಸಿದವನು ಜೆರೋಮನೇ. ಅಂತ್ಯಸಂಸ್ಕಾರದಲ್ಲಿ ಪೌಲಾ ಮೂರ್ಛೆ ಹೋದಾಗ ಜನ, ಉಪವಾಸ ಹಾಕಿಸಿ ಕೊಂದರು, ಈ ಸನ್ಯಾಸಿಗಳನ್ನು ಊರಿಂದ ಓಡಿಸಬೇಕು ಅಂತ ಗೊಣಗಿದ್ದನ್ನು ಅವನೇ ಬರೆದಿದ್ದಾನೆ. ಪತ್ರ ಶುರುವಾಗುವುದು ಕಣ್ಣೀರಿನಲ್ಲಿ: ತಾಯಿಯ ಅಳು ತಡೆಯಲು ಹೊರಟ ನಾನೇ ಅಳುತ್ತಿದ್ದೇನೆ. ಹೋಗ್ತಾ ಹೋಗ್ತಾ ಅವಳ ಅಳುವೇ ದೇವರಿಗೆ ಅಪಚಾರ ಅನ್ನುವವರೆಗೂ ಹೋಗುತ್ತದೆ. ಎರಡನೇ ಹಂತದ ನಾಲ್ಕನೇ ಪ್ರಶ್ನೆಯನ್ನು ಇಲ್ಲಿ ಮತ್ತೆ ಕೇಳಲೇಬೇಕು. ನನ್ನ ಮಟ್ಟಿಗೆ ಇದು ದಾರಿ ತಪ್ಪಿದ ಸಾಂತ್ವನ, ದೊಡ್ಡ ಬರಹಗಾರನ ಕೈಯಲ್ಲೂ ಎಲ್ಲಿ ತಪ್ಪುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಕಣ್ಣೀರಿನಿಂದ ಗದರಿಕೆಗೆ ತಿರುಗುವ ಆ ಸಾಲನ್ನು ಹುಡುಕಿ ಗೆರೆ ಎಳೆಯಿರಿ.

ಹೊತ್ತಿದ್ದರೆ ಬಿಷಪ್ ಸಿಪ್ರಿಯನ್ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲಿ ಸುಮಾರು 252ರ ಸಾಂಕ್ರಾಮಿಕದ ಸಮಯದಲ್ಲಿ ಬರೆದದ್ದನ್ನೂ ನೋಡಿ. ಪರಲೋಕದಲ್ಲಿ ಸತ್ತವರು ಬಿಳಿ ಬಟ್ಟೆ ತೊಟ್ಟಿರುವಾಗ ಇಲ್ಲಿ ನಾವು ಕಪ್ಪು ತೊಡಬಾರದು ಅನ್ನುತ್ತಾನೆ. ಇದು ಒಬ್ಬರಿಗೆ ಬರೆದದ್ದಲ್ಲ, ಸಭೆಗೇ ಹೇಳಿದ್ದು. ಮೊದಲ ಪ್ರಶ್ನೆಗೆ ಉತ್ತರ ಬದಲಾದ ಕೂಡಲೇ ದನಿ ಹೇಗೆ ಬದಲಾಗುತ್ತದೆ ಅಂತ ಕಾಣುತ್ತದೆ.

ಹಂತ 7: ಅಗಸ್ಟೀನ್, ಎರಡು ಜಾಗ

ಮುಂದೆ ಆಫ್ರಿಕಾದಲ್ಲಿ ಬಿಷಪ್ ಆದ ಅಗಸ್ಟೀನ್ ತನ್ನ ಬದುಕಿನ ಬಗ್ಗೆ ಬರೆದ ತಪ್ಪೊಪ್ಪಿಗೆಗಳು ಪುಸ್ತಕದ ಒಂಬತ್ತನೇ ಭಾಗ, 12ನೇ ಅಧ್ಯಾಯ. 387ರಲ್ಲಿ ಓಸ್ಟಿಯಾದಲ್ಲಿ ತಾಯಿ ಮೋನಿಕಾ ತೀರಿಕೊಂಡಳು, ಅವಳಿಗೆ 56, ಅವನಿಗೆ 33. ಅವಳ ಕಣ್ಣು ಮುಚ್ಚಿಸಿದವನು ಅವನೇ. ಅವನ ಮಗ ಅಡಿಯೊಡೇಟಸ್ ಗೋಳೋ ಅಂತ ಅತ್ತಾಗ ಎಲ್ಲರೂ ಸುಮ್ಮನಾಗಿಸಿದರು, ಒಳ್ಳೆಯ ಸಾವಿಗೆ ಗೋಳಾಡುವುದು ಸರಿಯಲ್ಲ ಅಂತ. ಗೆಳೆಯ ಇವೋಡಿಯಸ್ ಕೀರ್ತನೆ ಎತ್ತಿಕೊಂಡ. ಅಗಸ್ಟೀನ್ ಅಳಲಿಲ್ಲ, ಮಣ್ಣು ಮಾಡಿ ಬಂದರೂ ಅಳಲಿಲ್ಲ. ಸ್ನಾನ ಮಾಡಿದರೆ ಹಗುರಾಗಬಹುದು ಅಂತ ಹೋಗಿ ಬಂದ, ಆಗಲಿಲ್ಲ. ಮಲಗಿ ಎದ್ದ. ಹಾಸಿಗೆಯಲ್ಲಿ ಒಬ್ಬನೇ ಇದ್ದಾಗ ಆಂಬ್ರೋಸ್ ಬರೆದ ಒಂದು ಹಾಡು ನೆನಪಾಯಿತು, ಆಮೇಲೆ ತಾಯಿ ನೆನಪಾದಳು, ಆಗ ಅತ್ತ.

ಅದನ್ನು ಓದುವಾಗ ಗಂಟೆಗಳ ಲೆಕ್ಕ ಹಾಕುತ್ತಾ ಹೋಗಿ. ಯಾವ ಮದ್ದು ಎಷ್ಟು ಹೊತ್ತಿಗೆ, ಯಾವುದು ಕೆಲಸ ಮಾಡಲಿಲ್ಲ. ಒಂದು ಗಂಟೆಯ ಚೂರು ಹೊತ್ತು ತಾಯಿಗಾಗಿ ಅತ್ತದ್ದನ್ನು ಪಾಪ ಅನ್ನುವವರು ನಗಬೇಡಿ, ನನ್ನ ಪಾಪಗಳಿಗಾಗಿ ಅಳಿ ಅಂತ ಓದುಗರಿಗೇ ಹೇಳುತ್ತಾನೆ. ಬೇರೆಯವರಿಗೆ ಸಾಂತ್ವನ ಹೇಳುವವನ ಒಳಗೆ ಏನಾಗುತ್ತದೆ ಅಂತ ಇಷ್ಟು ಹತ್ತಿರದಿಂದ ತೋರಿಸಿದವರು ಹಳಬರಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಎರಡನೆಯದು 263ನೇ ಪತ್ರ, ಸಪಿಡಾ ಅನ್ನುವ ಕನ್ಯಾವ್ರತದ ಹೆಂಗಸಿಗೆ. ಕಾರ್ತೇಜಿನ ಚರ್ಚಿನಲ್ಲಿ ಡೀಕನ್ (ಪಾದ್ರಿಗಿಂತ ಕೆಳಗಿನ ಸೇವಕ) ಆಗಿದ್ದ ಅವಳ ಸೋದರ ಟಿಮೊಥಿಗೆ ಅಂತ ಕೈಯಾರೆ ಒಂದು ನಿಲುವಂಗಿ ಮಾಡಿದ್ದಳು. ಅವನು ತೊಡುವ ಮೊದಲೇ ಹೋದ. ಅದನ್ನು ನೀವು ತೊಟ್ಟರೆ ನನಗೆ ಸಮಾಧಾನ ಅಂತ ಅಗಸ್ಟೀನನಿಗೆ ಕಳಿಸಿದಳು. ಇದನ್ನು ಬರೆಯುವ ಮೊದಲೇ ತೊಡಲು ಶುರು ಮಾಡಿದ್ದೇನೆ ಅಂತ ಅವನು ಉತ್ತರಿಸುತ್ತಾನೆ. ಆಮೇಲೆ ವಾದ: ನಿನ್ನ ಸೋದರನಿಗೆ ಅಂತ ಮಾಡಿದ್ದನ್ನು ನಾನು ತೊಟ್ಟದ್ದಕ್ಕೇ ಸಮಾಧಾನವಾಗುವುದಾದರೆ, ಅವನು ಕೊಳೆಯದ ಅಮರತ್ವವನ್ನೇ ತೊಡುತ್ತಾನೆ ಅನ್ನುವುದರಿಂದ ಎಷ್ಟಾಗಬೇಕು. ಮೊದಲು ತೊಟ್ಟ, ಆಮೇಲೆ ಹೇಳಿದ. ಈ ಕ್ರಮವನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆಯಿರಿ.

ಹಂತ 8: ಈಗ ಬೊಯಿಥಿಯಸ್

ಇಷ್ಟಾದ ಮೇಲೆ ತತ್ತ್ವಶಾಸ್ತ್ರದ ಸಾಂತ್ವನ ತೆಗೆಯಿರಿ. ಸುಮಾರು 524ರಲ್ಲಿ, ಇಟಲಿಯ ರಾಜ ಥಿಯೊಡೊರಿಕ್‌ನ ಸೆರೆಯಲ್ಲಿ ಮರಣದಂಡನೆ ಎದುರಿಗಿದ್ದಾಗ ಬರೆದದ್ದು. ಐದು ಭಾಗ, ಗದ್ಯ ಮತ್ತು ಪದ್ಯ ಒಂದಾದ ಮೇಲೊಂದು. ಪದ್ಯಗಳನ್ನು ಹಾರಿಸಬೇಡಿ. ಗದ್ಯದ ವಾದ ಭಾರವಾದಾಗ ಉಸಿರು ಬಿಡಲು ಇಟ್ಟದ್ದು ಅವು.

ಮೊದಲ ಭಾಗದಲ್ಲಿ ತತ್ತ್ವದೇವಿ ಬಂದು ಕಾವ್ಯದೇವಿಯರನ್ನು ಓಡಿಸಿ, ಅವನ ಹಾಸಿಗೆಯ ಕೊನೆಯಲ್ಲಿ ಕೂತು, ತನ್ನ ಬಟ್ಟೆಯ ಮಡಿಕೆಯಿಂದ ಅವನ ಕಣ್ಣು ಒರೆಸುತ್ತಾಳೆ. ಅವನು ತನ್ನ ಮೇಲಾದ ಅನ್ಯಾಯವನ್ನೆಲ್ಲ ಹೇಳಿಕೊಳ್ಳುವವರೆಗೂ ಕೇಳುತ್ತಾಳೆ, ಆಮೇಲೆ ಪ್ರಶ್ನೆ ಕೇಳಿ ರೋಗ ಪತ್ತೆ ಮಾಡುತ್ತಾಳೆ: ನೀನು ಯಾರು ಅನ್ನುವುದೇ ನಿನಗೆ ಮರೆತಿದೆ. ಎರಡನೇ ಭಾಗದಲ್ಲಿ ಹಗುರ ಮದ್ದು ಮಾತ್ರ. ಅದೃಷ್ಟದ ಚಕ್ರ, 522ರಲ್ಲಿ ಇಬ್ಬರು ಮಕ್ಕಳೂ ಒಟ್ಟಿಗೆ ಕಾನ್ಸಲ್ ಅನ್ನುವ ದೊಡ್ಡ ಪದವಿಗೆ ಏರಿದ್ದು ಮರೆತೆಯಾ ಅನ್ನುವ ನೆನಪು. ಬಹಳ ಜನ ಇಲ್ಲೇ ಬಿಡುವುದು, ಯಾಕೆಂದರೆ ಇಷ್ಟೇನಾ ಅನ್ನಿಸುತ್ತದೆ. ಇದು ಬೇಕಂತಲೇ ಹಗುರ. ಮೂರನೇ ಭಾಗದ ಮೊದಲಲ್ಲಿ ಬೊಯಿಥಿಯಸ್ ತಾನಾಗಿಯೇ ಗಟ್ಟಿ ಮದ್ದು ಕೇಳುತ್ತಾನೆ, ಆಗ ಕೊಡುತ್ತಾಳೆ. ಒಂದು ಭಾಗಕ್ಕೆ ಒಂದು ವಾರ ಇಟ್ಟುಕೊಳ್ಳಿ. ಮೂರನೇ ಭಾಗದ 9ನೇ ಪದ್ಯ ಒಂದು ಪ್ರಾರ್ಥನೆ, ಅದೇ ಇಡೀ ಪುಸ್ತಕದ ನಡು, ಅಲ್ಲಿ ನಿಲ್ಲಿ. ಐದನೇ ಭಾಗದ ದೈವಜ್ಞಾನ ಮತ್ತು ಸ್ವಾತಂತ್ರ್ಯದ ವಾದ ಕಷ್ಟ, ಎರಡು ಸಲ ಓದಬೇಕಾಗುತ್ತದೆ.

ಬರೆದವನು ಕ್ರೈಸ್ತ, ಧರ್ಮಶಾಸ್ತ್ರದ ಬರಹಗಳನ್ನೂ ಬರೆದವನು. ಆದರೂ ಈ ಪುಸ್ತಕದಲ್ಲಿ ಕ್ರಿಸ್ತನ ಹೆಸರೇ ಇಲ್ಲ. ಇದಕ್ಕೆ ಕಾರಣ ಹುಡುಕುತ್ತಾ ಕೂತರೆ ಓದು ನಿಲ್ಲುತ್ತದೆ, ಮೊದಲ ಸಲ ಸುಮ್ನೆ ಗಮನಿಸಿ ಮುಂದಕ್ಕೆ ಹೋಗಿ.

ಎಚ್ಚರಿಕೆಯ ಲಕ್ಷಣಗಳು

ಅಂಚಿನಲ್ಲಿ ಒಂದೇ ಸಂಖ್ಯೆ ಸಾಲಾಗಿ ಬರುತ್ತಿದ್ದರೆ ನೀವು ಬೇಗ ಬೇಗ ಓದುತ್ತಿದ್ದೀರಿ. ಹಿಂದಕ್ಕೆ ಹೋಗಿ.

"ಈ ವಾದ ತಪ್ಪು" ಅಂತ ಮೂರು ಸಲ ಬರೆದಿದ್ದರೆ ಎರಡನೇ ಹಂತದ ಮೂರನೇ ಪ್ರಶ್ನೆ, ಎಷ್ಟು ಕಾಲವಾಗಿತ್ತು ಅನ್ನುವುದನ್ನು, ಬಿಟ್ಟಿದ್ದೀರಿ ಅಂತಲೇ ಲೆಕ್ಕ.

ಸಿಸೆರೊನ ಸಾಂತ್ವನ ಪೂರ್ತಿ ಸಿಕ್ಕಿತು ಅಂತ ಯಾರಾದರೂ ಪುಸ್ತಕ ಕಳಿಸಿದರೆ ನಂಬಬೇಡಿ. 1583ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ನಕಲಿ ಒಂದು ಇದೆ, ಈಗಲೂ ಓಡಾಡುತ್ತದೆ. ಪ್ಲುಟಾರ್ಕ್‌ನ ಹೆಸರಿನಲ್ಲಿರುವ ಅಪೊಲೊನಿಯಸ್‌ಗೆ ಬರೆದ ಸಾಂತ್ವನ ಅವನದ್ದೇ ಅನ್ನುವುದಕ್ಕೂ ಬಲವಾದ ಅನುಮಾನಗಳಿವೆ. ಹಳೆಯ ಉದ್ಧರಣೆಗಳ ಗಣಿ ಅಂತ ಓದಿ, ಪ್ಲುಟಾರ್ಕ್ ಹೀಗೆ ಹೇಳಿದ ಅಂತ ಎಲ್ಲೂ ಬರೆಯಬೇಡಿ.

ನಿಮ್ಮದೇ ಮನೆಯಲ್ಲಿ ಸಾವಾಗಿ ಸ್ವಲ್ಪ ದಿನ ಆಗಿದ್ದರೆ ಈ ಕ್ರಮವನ್ನು ಈಗ ಶುರು ಮಾಡಬೇಡಿ. ಆಟಿಕಸ್‌ಗೆ ಬರೆದ ಚೀಟಿಗಳು, ಪ್ಲುಟಾರ್ಕ್‌ನ ಪತ್ರದ ಮೊದಲ ಎರಡು ಪುಟ, ಸಪಿಡಾಗೆ ಬರೆದದ್ದು, ಇಷ್ಟು ಸಾಕು. ಗುರುತು ಹಾಕುವುದೂ ಬೇಡ. ಓದುವಾಗ ಎದೆ ಬಿಗಿದರೆ, ನಿದ್ದೆ ಕೆಟ್ಟರೆ ಪುಸ್ತಕ ಪಕ್ಕಕ್ಕಿಟ್ಟು ಹತ್ತಿರದವರ ಜೊತೆ ಮಾತಾಡಿ, ಬೇಕಿದ್ದರೆ ವೈದ್ಯರನ್ನು ನೋಡಿ.

ಇನ್ನೊಂದು, ಇದು ತುಂಬಾ ಆಗುತ್ತಿದೆ: ಸೆನೆಕಾನ ಒಂದು ಸಾಲು ತೆಗೆದು, ಮೊನ್ನೆ ಗಂಡನನ್ನು ಕಳೆದುಕೊಂಡವರ ವಾಟ್ಸಾಪ್‌ಗೆ ಕಳಿಸುವುದು. ಸೆನೆಕಾ ಸ್ವಂತ ತಾಯಿಗೂ ಕಾದು ಬರೆದ. ನೀವು ಕಳಿಸಲೇಬೇಕೆಂದರೆ ಸತ್ತವರ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿ ಬರೆಯಿರಿ, ಯಾವಾಗ ಬರಲಿ ಅಂತ ಕೇಳಿ. ಹಳೆಯ ಪುಸ್ತಕದ ಸಾಲು ಆರು ತಿಂಗಳು ಬಿಟ್ಟು, ಅವರಾಗಿ ಕೇಳಿದರೆ ಕೊಡಿ.